ಹನ್ನೆರಡು ಗೊಂಬೆಗಳಲ್ಲಿ ಜುರಾಸಿಕ್‌ಗೆ ಸೇರಿದವು ನಾಲ್ಕೇ

ಪ್ರಶ್ನೆ: ನನ್ನ ಮಗಳು ಏಳನೆಯ ತರಗತಿಯಲ್ಲಿದ್ದಾಳೆ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ‘ಜುರಾಸಿಕ್ ಕಾಲದ ಡೈನೋಸಾರ್‌ಗಳು’ ಎಂಬ ಮಾದರಿ ಮಾಡುತ್ತಿದ್ದಾಳೆ. ಥರ್ಮೊಕೋಲ್ ಹಲಗೆಯ ಮೇಲೆ ಹುಲ್ಲುಗಾವಲು, ನದಿ, ಜ್ವಾಲಾಮುಖಿ ಎಲ್ಲ ಸಿದ್ಧವಾಗಿದೆ. ಅಂಗಡಿಯಿಂದ ಹನ್ನೆರಡು ಪ್ಲಾಸ್ಟಿಕ್ ಗೊಂಬೆಗಳ ಪೊಟ್ಟಣ ತಂದಿದ್ದೇವೆ. ಅದರಲ್ಲಿ ಟಿ. ರೆಕ್ಸ್, ಟ್ರೈಸೆರಾಟಾಪ್ಸ್, ವೆಲಾಸಿರ್ಯಾಪ್ಟರ್, ಸ್ಪೈನೊಸಾರಸ್, ಆಂಕೈಲೊಸಾರಸ್, ಪ್ಯಾರಾಸಾರೊಲೋಫಸ್, ಟೆರನೊಡಾನ್, ಡೈಮೆಟ್ರೊಡಾನ್, ಸ್ಟೆಗೊಸಾರಸ್, ಅಲೋಸಾರಸ್, ಬ್ರಾಕಿಯೊಸಾರಸ್ ಮತ್ತು ಡಿಪ್ಲೊಡೊಕಸ್ ಇವೆ. ಇವೆಲ್ಲವನ್ನೂ ಒಟ್ಟಿಗೆ ಇಡಬಹುದೇ? ಆ ಕಾಲದಲ್ಲಿ ನಿಜವಾಗಿ ಯಾವ ಯಾವ ಬಗೆಯ ಡೈನೋಸಾರ್‌ಗಳಿದ್ದವು? ನಮ್ಮ ದೇಶದಲ್ಲಿ, ಕರ್ನಾಟಕದಲ್ಲಿ ಇದ್ದವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಪಟ್ಟಿಯ ಮೊದಲ ಎಂಟನ್ನು ಮರಳಿ ಪೊಟ್ಟಣಕ್ಕೆ ಹಾಕಿಬಿಡಿ. ಮಗಳಿಗೆ ಬೇಸರವಾಗುತ್ತದೆ, ಗೊತ್ತು. ಆದರೆ ಉಳಿಯುವ ನಾಲ್ಕರ ವಿಷಯದಲ್ಲಿ ನಿಮ್ಮ ಅದೃಷ್ಟ ದೊಡ್ಡದು. ಅದೇಕೆಂದು ಆಮೇಲೆ ಹೇಳುತ್ತೇನೆ.

ಜುರಾಸಿಕ್ ಎಂಬುದು ಸುಮಾರು 20 ಕೋಟಿ ವರ್ಷಗಳ ಹಿಂದೆ ಆರಂಭವಾಗಿ, ಸುಮಾರು 14.5 ಕೋಟಿ ವರ್ಷಗಳ ಹಿಂದೆ ಮುಗಿದ ಕಾಲ. ಫ್ರಾನ್ಸ್ ಮತ್ತು ಸ್ವಿಟ್ಜರ್‌ಲೆಂಡ್ ಗಡಿಯಲ್ಲಿರುವ ಜೂರಾ ಬೆಟ್ಟಗಳ ಸುಣ್ಣಕಲ್ಲಿನಿಂದ ಅದಕ್ಕೆ ಆ ಹೆಸರು ಬಂತು. ಟಿ. ರೆಕ್ಸ್, ಟ್ರೈಸೆರಾಟಾಪ್ಸ್, ಆಂಕೈಲೊಸಾರಸ್ ಬದುಕಿದ್ದು ಅದರ ನಂತರದ ಕ್ರಿಟೇಷಿಯಸ್ ಕಾಲದ ಕಟ್ಟಕಡೆಯಲ್ಲಿ, ಅಂದರೆ 6.8 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ. ವೆಲಾಸಿರ್ಯಾಪ್ಟರ್, ಸ್ಪೈನೊಸಾರಸ್, ಪ್ಯಾರಾಸಾರೊಲೋಫಸ್ ಕೂಡ ಕ್ರಿಟೇಷಿಯಸ್‌ನವೇ. ಸ್ಟೆಗೊಸಾರಸ್ ಅಳಿದು ಟಿ. ರೆಕ್ಸ್ ಹುಟ್ಟುವ ನಡುವೆ ಸುಮಾರು 8 ಕೋಟಿ ವರ್ಷ ಕಳೆದಿತ್ತು. ಟಿ. ರೆಕ್ಸ್ ಅಳಿದು ಇಂದಿಗೆ ಆಗಿರುವುದು 6.6 ಕೋಟಿ ವರ್ಷ. ಲೆಕ್ಕ ಹಾಕಿ ನೋಡಿದರೆ ಆ ಟಿ. ರೆಕ್ಸ್ ಸ್ಟೆಗೊಸಾರಸ್‌ಗಿಂತ ನಿಮ್ಮ ಮಗಳಿಗೇ ಹತ್ತಿರದ ಸಮಕಾಲೀನ. ಚಲನಚಿತ್ರದವರು ಎಲ್ಲವನ್ನೂ ಜುರಾಸಿಕ್ ಎಂಬ ಒಂದೇ ಹೆಸರಿನಡಿ ಕಲೆಹಾಕಿದರು, ಗೊಂಬೆ ಮಾಡುವವರು ಅದನ್ನೇ ಅನುಸರಿಸಿದರು.

ಟೆರನೊಡಾನ್ ಡೈನೋಸಾರೇ ಅಲ್ಲ. ಅದು ಟೆರೊಸಾರ್ ಎಂಬ ಹಾರುವ ಸರೀಸೃಪಗಳ ಪೈಕಿ, ಅದೂ ಕ್ರಿಟೇಷಿಯಸ್‌ನದು. ಬೆನ್ನ ಮೇಲೆ ಹಾಯಿಯಿರುವ ಡೈಮೆಟ್ರೊಡಾನ್ ಇನ್ನೂ ವಿಚಿತ್ರ. ಮೊದಲ ಡೈನೋಸಾರ್ ಹುಟ್ಟುವುದಕ್ಕೆ ಕೋಟ್ಯಂತರ ವರ್ಷ ಮೊದಲೇ ಅದರ ಕಥೆ ಮುಗಿದಿತ್ತು, ಮತ್ತು ವಂಶಾವಳಿಯಲ್ಲಿ ಅದು ಡೈನೋಸಾರ್‌ಗಳಿಗಿಂತ ನಮ್ಮ ಕಡೆಗೇ, ಅಂದರೆ ಸಸ್ತನಿಗಳ ಕಡೆಗೇ, ಹತ್ತಿರ. ಅದು ಡೈನೋಸಾರ್ ಪೊಟ್ಟಣದೊಳಗೆ ಹೇಗೆ ಸೇರಿಕೊಂಡಿತೋ!

ಇನ್ನು ಉಳಿದ ನಾಲ್ಕು: ಸ್ಟೆಗೊಸಾರಸ್, ಅಲೋಸಾರಸ್, ಬ್ರಾಕಿಯೊಸಾರಸ್, ಡಿಪ್ಲೊಡೊಕಸ್. ಇವು ಜುರಾಸಿಕ್‌ನವು ಮಾತ್ರವಲ್ಲದೆ ಒಂದೇ ಸೀಮೆಯವು. ಅಮೆರಿಕದ ಪಶ್ಚಿಮದಲ್ಲಿ ಕೊಲೊರಾಡೊ, ಯೂಟಾ, ವಯೋಮಿಂಗ್ ಮತ್ತು ಅಕ್ಕಪಕ್ಕದ ರಾಜ್ಯಗಳಲ್ಲಿ ಹರಡಿಕೊಂಡಿರುವ ಮಾರಿಸನ್ ಶಿಲಾಸ್ತರದಲ್ಲಿ ಈ ನಾಲ್ಕರ ಮೂಳೆಗಳೂ ಸಿಕ್ಕಿವೆ. ಸುಮಾರು 15 ಕೋಟಿ ವರ್ಷಗಳ ಹಿಂದೆ ನದಿಗಳು ತಂದು ಸುರಿದ ಮರಳು, ಮಣ್ಣು ಗಟ್ಟಿಯಾಗಿ ಆದ ಪದರಗಳು ಅವು. ವಿಸ್ತೀರ್ಣ ಸುಮಾರು 15 ಲಕ್ಷ ಚದರ ಕಿಲೋಮೀಟರ್, ಕರ್ನಾಟಕದ ಏಳೆಂಟು ಪಟ್ಟು. ಆದ್ದರಿಂದ ಇಡೀ ಜುರಾಸಿಕ್ ಜಗತ್ತನ್ನು ಒಂದು ಹಲಗೆಗೆ ತುಂಬುವ ಬದಲು ಮಾರಿಸನ್ ಬಯಲೊಂದನ್ನೇ ತೋರಿಸಲು ಮಗಳಿಗೆ ಹೇಳಿ. ಒಟ್ಟಿಗೆ ಬದುಕಿದ ಪ್ರಾಣಿಗಳನ್ನು ಪಕ್ಕಪಕ್ಕ ನಿಲ್ಲಿಸಿದಾಗಲೇ ಅವುಗಳ ವೈವಿಧ್ಯ ಏತಕ್ಕೆಂದು ಅರ್ಥವಾಗುವುದು.

ಮೊದಲು ಹಲಗೆಯಿಂದ ಹಸಿರು ಹುಲ್ಲನ್ನು ಕಿತ್ತು ತೆಗೆಯಬೇಕು. ಜುರಾಸಿಕ್‌ನಲ್ಲಿ ಹುಲ್ಲಿರಲಿಲ್ಲ, ಇಂದು ನಾವು ಕಾಣುವಂತಹ ಹೂಗಿಡಗಳೂ ಇರಲಿಲ್ಲ. ನೆಲಕ್ಕೆ ಜರೀಗಿಡ, ನೀರಿನ ಬದಿಗೆ ಗೆಣ್ಣುಗೆಣ್ಣಾದ ಕುದುರೆಬಾಲದ ಗಿಡ, ಅಲ್ಲಲ್ಲಿ ಈಚಲಿನಂತೆ ಕಾಣುವ ಸೈಕಾಡ್, ಎತ್ತರಕ್ಕೆ ಸೂಚಿಪರ್ಣಿ ಮರಗಳು. ಲಾಲ್‌ಬಾಗ್‌ನಲ್ಲಿ ಕಂಬದಂತೆ ನೆಟ್ಟಗೆ ನಿಂತಿರುವ ಅರಾಕೇರಿಯಾ ಮರಗಳನ್ನು ನೋಡಿದ್ದರೆ, ಅದೇ ಕುಟುಂಬದ ಮರಗಳನ್ನು ಹಲಗೆಯಲ್ಲಿ ನೆಡಬಹುದು. ಮಣ್ಣಿನ ಬಣ್ಣ ಸ್ವಲ್ಪ ಒಣಗಿದಂತಿರಲಿ, ಮಳೆಗಾಲ ಮತ್ತು ದೀರ್ಘ ಬೇಸಿಗೆಯಿದ್ದ ಬಯಲು ಅದು. ಜ್ವಾಲಾಮುಖಿಯನ್ನು ಪಶ್ಚಿಮದ ಅಂಚಿಗೆ ಸರಿಸಿ. ದೂರದಿಂದ ಹಾರಿ ಬಂದ ಬೂದಿಯ ಪದರಗಳು ಮಾರಿಸನ್ ಶಿಲೆಯೊಳಗೆ ನಿಜವಾಗಿಯೂ ಇವೆ, ಅವುಗಳಿಂದಲೇ ಈ ಪದರಗಳ ವಯಸ್ಸನ್ನು ಅಳೆಯುವುದು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಈ ಬಯಲಿನಲ್ಲಿ ಉದ್ದ ಕತ್ತಿನ ಸೌರೊಪಾಡ್‌ಗಳದ್ದೇ ಹತ್ತಕ್ಕೂ ಹೆಚ್ಚು ಕುಲಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಎಲ್ಲವೂ ಏಕಕಾಲದಲ್ಲಿ ಇರಲಿಲ್ಲವಾದರೂ ಹಲವು ಜೊತೆಜೊತೆಗೇ ಇದ್ದವು. ಮೈಸೂರು ದಸರೆಯಲ್ಲಿ ಅಂಬಾರಿ ಹೊರುವ ಆನೆ ಸುಮಾರು ಐದು ಟನ್ ತೂಗುತ್ತದೆ. ಬ್ರಾಕಿಯೊಸಾರಸ್ ಒಂದರ ತೂಕ ಅಂತಹ ಆರು ಆನೆಗಳಿಗಿಂತ ಕಡಿಮೆಯಿರಲಿಲ್ಲ. ನಮ್ಮ ಕಾಡಿನಲ್ಲಿ ಒಂದೇ ಜಾತಿಯ ಆನೆಗೆ ಮೇವು ಸಾಲದೆ ತೋಟಕ್ಕೆ ನುಗ್ಗುತ್ತದೆ. ಅಷ್ಟು ಬಗೆಯ ದೈತ್ಯರಿಗೆ ಒಣ ಬಯಲಿನಲ್ಲಿ ಊಟ ಹೇಗೆ ಸಾಕಾಯಿತು?

ಹಲ್ಲುಗಳನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಡಿಪ್ಲೊಡೊಕಸ್‌ನ ಹಲ್ಲು ಪೆನ್ಸಿಲ್ ತುಂಡಿನಂತೆ ಸಣ್ಣ, ಬಾಯಿಯ ಮುಂದುಗಡೆಗೆ ಬಾಚಣಿಗೆಯಂತೆ ಸಾಲಾಗಿ ಕೂತಿರುತ್ತದೆ, ಹಿಂದೆ ಖಾಲಿ. ಮೆದು ಸೊಪ್ಪನ್ನು ಬಾಚಿ ನುಂಗುವುದಕ್ಕೆ ಆ ಬಾಯಿ. ಅದೇ ಬಯಲಿನ ಇನ್ನೊಂದು ಸೌರೊಪಾಡ್ ಕಾಮರಾಸಾರಸ್‌ಗೆ ದಪ್ಪನೆಯ ಚಮಚದಾಕಾರದ ಹಲ್ಲು, ಮೊಂಡು ಮೂತಿ, ಬಲವಾದ ದವಡೆ. ಅದು ಗಟ್ಟಿ ರೆಂಬೆಗಳನ್ನೂ ಕಚ್ಚಿ ಮುರಿಯಬಲ್ಲದು. ಹಲ್ಲನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದಿನದಿನದ ಬೆಳವಣಿಗೆಯ ಗೆರೆಗಳು ಕಾಣುತ್ತವೆ. ಆ ಗೆರೆಗಳನ್ನು ಎಣಿಸಿದ ಸಂಶೋಧಕರು 2013ರಲ್ಲಿ ಹೇಳಿದ್ದೇನೆಂದರೆ, ಡಿಪ್ಲೊಡೊಕಸ್ ಪ್ರತಿಯೊಂದು ಹಲ್ಲಿನ ಗುಂಡಿಯಲ್ಲೂ ಸುಮಾರು 35 ದಿನಕ್ಕೊಮ್ಮೆ ಹೊಸ ಹಲ್ಲು ತರಿಸಿಕೊಳ್ಳುತ್ತಿತ್ತು, ಕಾಮರಾಸಾರಸ್ 62 ದಿನಕ್ಕೊಮ್ಮೆ. ನೆಲದ ಹತ್ತಿರದ ಮಣ್ಣು ಮರಳು ಮೆತ್ತಿದ ಸೊಪ್ಪು ತಿನ್ನುವವರ ಹಲ್ಲು ಬೇಗ ಸವೆಯುತ್ತದೆ ಎಂಬುದು ಒಂದು ವಿವರಣೆ.

ಉಳಿದರ್ಧ ಉತ್ತರ ಎತ್ತರದಲ್ಲಿದೆ. ಗೊಂಬೆ ತಯಾರಕರು ಇಲ್ಲಿ ಸಾಮಾನ್ಯವಾಗಿ ತಪ್ಪುತ್ತಾರೆ, ನಿಮ್ಮವನ್ನೂ ಪರೀಕ್ಷಿಸಿ. ಬ್ರಾಕಿಯೊಸಾರಸ್‌ನ ಮುಂಗಾಲು ಹಿಂಗಾಲಿಗಿಂತ ಉದ್ದ, ಬೆನ್ನು ಜಿರಾಫೆಯಂತೆ ಹಿಂದಕ್ಕೆ ಇಳಿಜಾರು, ಕತ್ತು ಮೇಲಕ್ಕೆ. ಅದು ಮರದ ತುದಿಯ ಗಿರಾಕಿ. ಡಿಪ್ಲೊಡೊಕಸ್‌ನ ಮುಂಗಾಲು ಗಿಡ್ಡ, ಕತ್ತು ಮುಂದಕ್ಕೆ ಚಾಚಿದ್ದು, ಬಾಲ ಚಾಟಿಯಂತೆ ಸಪೂರ, ಒಟ್ಟು ಉದ್ದ ಸುಮಾರು 26 ಮೀಟರ್. ಅಂದರೆ ಎರಡು ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು. ಆದರೂ ತೂಕದಲ್ಲಿ ಅದು ಬ್ರಾಕಿಯೊಸಾರಸ್‌ನ ಅರ್ಧವೂ ಇಲ್ಲ.

ಇವು ಇಷ್ಟು ದೊಡ್ಡದಾಗಿದ್ದರ ಗುಟ್ಟು ತಲೆ ಚಿಕ್ಕದಿದ್ದದ್ದು. ಆನೆ ಮೇವನ್ನು ಅರೆದು ನುಂಗುತ್ತದೆ. ಅದಕ್ಕೆ ಬೀಸುವ ಕಲ್ಲಿನಂತಹ ದವಡೆ ಹಲ್ಲು ಬೇಕು, ಆ ಹಲ್ಲಿಗೆ ದೊಡ್ಡ ತಲೆ ಬೇಕು, ಆ ತಲೆಯನ್ನು ಹೊರಲು ಗಿಡ್ಡ ಕತ್ತೇ ಗತಿ. ಸೌರೊಪಾಡ್ ಅಗಿಯುವ ಗೊಡವೆಗೇ ಹೋಗಲಿಲ್ಲ. ಕಿತ್ತದ್ದನ್ನು ಇಡಿಯಾಗಿ ನುಂಗಿ, ಅಡುಗೆಯನ್ನೆಲ್ಲ ಹೊಟ್ಟೆಗೆ ಬಿಟ್ಟಿತು. ತಲೆ ಹಗುರಾದ್ದರಿಂದ ಕತ್ತು ಎಷ್ಟು ಬೇಕಾದರೂ ಬೆಳೆಯಬಹುದಾಯಿತು, ಕತ್ತು ಉದ್ದವಾದ್ದರಿಂದ ನಿಂತಲ್ಲೇ ಸುತ್ತಲಿನ ಮೇವು ಎಟುಕಿತು. ಕತ್ತಿನ ಮೂಳೆಗಳಲ್ಲಿ ಹಕ್ಕಿಗಳಲ್ಲಿರುವಂತೆ ಗಾಳಿಚೀಲಗಳ ಟೊಳ್ಳುಗಳೂ ಇದ್ದವು. ಹೊಟ್ಟೆಯ ವಿಷಯಕ್ಕೆ ಬಂದರೆ, 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆ ಕಾಲದ ಗಿಡಗಳ ಇಂದಿನ ಸಂಬಂಧಿಕರನ್ನು ಮೆಲುಕು ಹಾಕುವ ಪ್ರಾಣಿಯ ಹೊಟ್ಟೆರಸದಲ್ಲಿ ಹುದುಗಿಸಿ ನೋಡಿದರು. ಕುದುರೆಬಾಲದ ಗಿಡ ಒಳ್ಳೆಯ ಮೇವೆಂದು ತಿಳಿಯಿತು. ಅರಾಕೇರಿಯಾ ನಿಧಾನವಾಗಿಯಾದರೂ ಚೆನ್ನಾಗಿ ಹುದುಗಿತು. ಸೈಕಾಡ್ ಮಾತ್ರ ನಪಾಸಾಯಿತು. ಚಿತ್ರಗಳಲ್ಲಿ ಸೌರೊಪಾಡ್‌ಗಳು ಸದಾ ಸೈಕಾಡನ್ನೇ ಮೇಯುತ್ತಿರುತ್ತವೆ, ನಿಮ್ಮ ಹಲಗೆಯಲ್ಲಿ ಅವುಗಳ ಮೂತಿಯನ್ನು ಬೇರೆ ಕಡೆಗೆ ತಿರುಗಿಸಿ.

ಸ್ಟೆಗೊಸಾರಸ್ ಬೇರೆಯೇ ಪಂಗಡ. ಆರ್ನಿತಿಸ್ಕಿಯನ್ ಎಂಬ, ಸೊಂಟದ ಮೂಳೆ ಹಕ್ಕಿಯ ಸೊಂಟದಂತೆ ಕಾಣುವ ಸಸ್ಯಾಹಾರಿಗಳ ಬಳಗ. (ತಮಾಷೆಯೆಂದರೆ ಹಕ್ಕಿಗಳು ಹುಟ್ಟಿದ್ದು ಈ ಬಳಗದಿಂದಲ್ಲ, ಅಲೋಸಾರಸ್‌ನ ಕಡೆಯವರಿಂದ.) 1877ರಲ್ಲಿ ಅದಕ್ಕೆ ಹೆಸರಿಟ್ಟ ಯೇಲ್ ವಿಶ್ವವಿದ್ಯಾಲಯದ ಮಾರ್ಷ್, ಬೆನ್ನಿನ ಫಲಕಗಳು ಹೆಂಚಿನ ಮನೆಯ ಸೂರಿನಂತೆ ಒಂದರ ಮೇಲೊಂದು ಮಲಗಿದ್ದವೆಂದು ಭಾವಿಸಿದ್ದರು. ಸ್ಟೆಗೊಸಾರಸ್ ಎಂದರೆ ‘ಸೂರಿನ ಹಲ್ಲಿ’. ಫಲಕಗಳು ನೆಟ್ಟಗೆ ನಿಂತಿದ್ದವೆಂದು, ಎರಡು ಸಾಲಿನಲ್ಲಿ ಎಡಬಲ ಬಿಟ್ಟು ಬಿಟ್ಟು ಇದ್ದವೆಂದು ಆಮೇಲೆ ಗೊತ್ತಾಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಐದು ಟನ್ನಿನ ದೇಹಕ್ಕೆ ಮಿದುಳು ಸುಮಾರು 80 ಗ್ರಾಂ. ಅಷ್ಟರಲ್ಲಿ ಸಂಸಾರ ಹೇಗೆ ನಡೆಯಿತೆಂದು ಅಚ್ಚರಿಪಟ್ಟವರು ಸೊಂಟದಲ್ಲಿ ಎರಡನೆಯ ಮಿದುಳಿತ್ತೆಂಬ ಕಥೆಯನ್ನೂ ಕಟ್ಟಿದರು. ಅದು ಸುಳ್ಳು.

ಮೊದ್ದೆಂದು ತಳ್ಳಿಹಾಕಬೇಡಿ, ಅದರ ಬಾಲದ ತುದಿಯಲ್ಲಿ ನಾಲ್ಕು ಈಟಿಗಳಿದ್ದವು. ಅಲೋಸಾರಸ್ ಒಂದರ ಬಾಲದ ಬೆನ್ನೆಲುಬಿನ ಮಣಿಯಲ್ಲಿ ಒಂದು ತೂತಿದೆ. ಆ ತೂತಿನ ಆಕಾರಕ್ಕೆ ಸ್ಟೆಗೊಸಾರಸ್‌ನ ಬಾಲದ ಮುಳ್ಳು ಸರಿಯಾಗಿ ಹೊಂದುತ್ತದೆ. ಗಾಯದ ಅಂಚಿನಲ್ಲಿ ಮೂಳೆ ಮತ್ತೆ ಬೆಳೆದಿದೆ. ಅಂದರೆ ಇರಿತ ತಿಂದ ಬೇಟೆಗಾರ ಆ ದಿನವೇ ಸಾಯಲಿಲ್ಲ, ನರಳುತ್ತ ಕೆಲವು ಕಾಲ ಬದುಕಿತು. ಇನ್ನೊಂದು ಕಡೆ, ಸ್ಟೆಗೊಸಾರಸ್‌ನ ಕತ್ತಿನ ಫಲಕವೊಂದರಲ್ಲಿ ಅಲೋಸಾರಸ್‌ನ ಬಾಯಿಯ ಆಕಾರದ ಕಚ್ಚುಗುರುತಿದೆ. ಲೆಕ್ಕ ಚುಕ್ತಾ.

ಅಲೋಸಾರಸ್‌ನ ಬದುಕು ಎಷ್ಟು ಕಷ್ಟದ್ದೆಂದು ತಿಳಿಯಲು 1991ರಲ್ಲಿ ವಯೋಮಿಂಗ್‌ನಲ್ಲಿ ಸಿಕ್ಕ ‘ಬಿಗ್ ಆಲ್’ ಎಂಬ ಅಸ್ಥಿಪಂಜರವನ್ನು ನೋಡಬೇಕು. ಸುಮಾರು ಎಂಟು ಮೀಟರ್ ಉದ್ದ, ಇನ್ನೂ ಪೂರ್ತಿ ಬೆಳೆಯದ ಪ್ರಾಣಿ. ಅದರ 19 ಮೂಳೆಗಳಲ್ಲಿ ಮುರಿತ ಅಥವಾ ಸೋಂಕಿನ ಗುರುತಿದೆ. ಕಾಲ್ಬೆರಳಿನ ಮೂಳೆ ಕೀವಾಗಿ ಊದಿಕೊಂಡಿತ್ತು. ಕುಂಟುತ್ತ ಬೇಟೆಯಾಡಲಾರದೆ ಅದು ಸತ್ತಿರಬೇಕು. ಯೂಟಾದ ಕ್ಲೀವ್‌ಲೆಂಡ್–ಲಾಯ್ಡ್ ಎಂಬಲ್ಲಿ ಒಂದೇ ಗುಂಡಿಯಲ್ಲಿ ಕನಿಷ್ಠ 46 ಅಲೋಸಾರಸ್‌ಗಳ ಮೂಳೆ ರಾಶಿಯಾಗಿ ಸಿಕ್ಕಿದೆ. ಕೆಸರಿಗೆ ಸಿಕ್ಕಿ ಸತ್ತವೋ, ಬರಗಾಲದಲ್ಲಿ ಆರುತ್ತಿದ್ದ ಹೊಂಡದ ಸುತ್ತ ಸತ್ತವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಹಲಗೆಯ ಮೇಲೆ ಅಲೋಸಾರಸ್ ಒಂದೇ ಸಾಕು, ಅದರ ಜೊತೆಗೆ ಮೂಗಿನ ಮೇಲೆ ಕೊಂಬಿದ್ದ ಸೆರಾಟೊಸಾರಸ್, ಇನ್ನೂ ದಪ್ಪಗಿದ್ದ ಟಾರ್ವೊಸಾರಸ್ ಇದ್ದವೆಂದು ಚೀಟಿಯಲ್ಲಿ ಬರೆಯಬಹುದು.

ಇಲ್ಲಿಯವರೆಗೆ ದೊಡ್ಡವರ ಮಾತಾಯಿತು. ಪೊಟ್ಟಣದಲ್ಲಿ ಎಂದೂ ಬಾರದ ಚಿಕ್ಕವರೂ ಅದೇ ಬಯಲಿನಲ್ಲಿದ್ದರು. ಕೊಲೊರಾಡೊದ ಫ್ರೂಟಾ ಎಂಬ ಊರಿನ ಹತ್ತಿರ ಸಿಕ್ಕಿ, 2010ರಲ್ಲಿ ಫ್ರೂಟಾಡೆನ್ಸ್ ಎಂದು ಹೆಸರು ಪಡೆದ ಡೈನೋಸಾರ್ ಮೂಗಿನಿಂದ ಬಾಲದ ತುದಿಯವರೆಗೆ ಮುಕ್ಕಾಲು ಮೀಟರ್ ಇರಲಿಲ್ಲ, ತೂಕ ಒಂದು ಕಿಲೋಗಿಂತ ಕಡಿಮೆ. ಜೇಡಿಮಣ್ಣಿನಲ್ಲಿ ಕಡಲೆಕಾಳಿನ ಗಾತ್ರದ್ದೊಂದನ್ನು ಮಾಡಿ ಬ್ರಾಕಿಯೊಸಾರಸ್‌ನ ಕಾಲಬುಡದಲ್ಲಿಟ್ಟರೆ, ಆ ಹಲಗೆಯ ಅತ್ಯುತ್ತಮ ವಸ್ತು ಅದೇ ಆಗುತ್ತದೆ.

ಮಾರಿಸನ್ ಬಯಲು ಜುರಾಸಿಕ್‌ನ ಕೊನೆಯ ಭಾಗದ ಒಂದು ಸೀಮೆ ಮಾತ್ರ. ಆರಂಭದ ಕಾಲದ ಪಾತ್ರಧಾರಿಗಳೇ ಬೇರೆ. ತಲೆಯ ಮೇಲೆ ಜೋಡಿ ಜುಟ್ಟಿದ್ದ ಅಮೆರಿಕದ ಡೈಲೊಫೊಸಾರಸ್ (ಕತ್ತಿನ ಸುತ್ತ ಬಿಚ್ಚುವ ಕೊಡೆ, ಉಗುಳುವ ವಿಷ, ಎರಡೂ ಚಲನಚಿತ್ರದವರ ಸೃಷ್ಟಿ), ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಕ್ರಯೊಲೊಫೊಸಾರಸ್, ಇಂಗ್ಲೆಂಡಿನ ಮೈತುಂಬ ಗುಬಟುಗಳಿದ್ದ ಸ್ಕೆಲಿಡೊಸಾರಸ್, ಚೀನಾದ ಲುಫೆಂಗೊಸಾರಸ್. ನಡುವಿನ ಕಾಲದ ಶಿಲೆಗಳು ಜಗತ್ತಿನಲ್ಲಿ ವಿರಳ. ಚೀನಾದ ಸಿಚುವಾನ್ ಪ್ರಾಂತ್ಯದ ಜಿಗಾಂಗ್ ಬಳಿ ಸಿಕ್ಕ ಶುನೊಸಾರಸ್ ಆಗಿನದು, ಅದು ಬಾಲದ ತುದಿಯಲ್ಲಿ ಗದೆಯಂತಹ ಗಂಟಿದ್ದ ಸೌರೊಪಾಡ್. ವಿಜ್ಞಾನ ಮೊಟ್ಟಮೊದಲು ಹೆಸರಿಟ್ಟ ಡೈನೋಸಾರ್, 1824ರ ಇಂಗ್ಲೆಂಡಿನ ಮೆಗಲೊಸಾರಸ್ ಕೂಡ ನಡು ಜುರಾಸಿಕ್‌ನದೇ.

ಮಗಳು ಟಿ. ರೆಕ್ಸ್ ಬೇಕೇಬೇಕೆಂದು ಹಠ ಹಿಡಿದರೆ ಅದರ ವಂಶದ ಹಿರಿಯನ ಕಥೆ ಹೇಳಿ. ಚೀನಾದ ಷಿಂಜಿಯಾಂಗ್‌ನಲ್ಲಿ ಸಿಕ್ಕ ಗುವಾನ್‌ಲಾಂಗ್ ಸುಮಾರು 16 ಕೋಟಿ ವರ್ಷ ಹಿಂದಿನದು, ಮೂರು ಮೀಟರ್ ಉದ್ದ, ಮೂತಿಯ ಮೇಲೆ ತೆಳ್ಳನೆಯ ಜುಟ್ಟು. ಎರಡು ಗುವಾನ್‌ಲಾಂಗ್‌ಗಳು ಒಂದರ ಮೇಲೊಂದು ಬಿದ್ದು ಸತ್ತಂತೆ ಕೆಸರಿನ ಗುಂಡಿಯಲ್ಲಿ ಸಿಕ್ಕವು. ಭಾರಿ ಗಾತ್ರದ ಸೌರೊಪಾಡ್ ಒಂದು ಕೆಸರಿನಲ್ಲಿ ಊರಿದ ಹೆಜ್ಜೆಯೇ ಆ ಗುಂಡಿಯಾಗಿರಬಹುದು ಎಂದು ಸಂಶೋಧಕರ ಊಹೆ. ಕ್ರಿಟೇಷಿಯಸ್‌ನ ರಾಜವಂಶದವರು ಜುರಾಸಿಕ್‌ನಲ್ಲಿ ಇನ್ನೊಬ್ಬರ ಹೆಜ್ಜೆಗುಂಡಿಯಲ್ಲಿ ಮುಳುಗಿ ಸಾಯುವ ಗಾತ್ರದವರಾಗಿದ್ದರು!

ಗರಿಗಳ ಮಾತೂ ಬೇಕು. ಜರ್ಮನಿಯ ಸೊಲ್ನ್‌ಹೋಫೆನ್‌ನಲ್ಲಿ ಕಲ್ಲಚ್ಚಿನ ಮುದ್ರಣಕ್ಕಾಗಿ ನುಣುಪಾದ ಸುಣ್ಣಕಲ್ಲು ತೆಗೆಯುತ್ತಿದ್ದ ಗಣಿಗಳಿಂದ 1861ರಲ್ಲಿ ಆರ್ಕಿಯಾಪ್ಟೆರಿಕ್ಸ್ ಬೆಳಕಿಗೆ ಬಂತು. ಗರಿಯಿರುವ ರೆಕ್ಕೆ, ಹಲ್ಲಿರುವ ಬಾಯಿ, ಮೂಳೆಯ ಉದ್ದ ಬಾಲ. ಅದಕ್ಕಿಂತ ಸುಮಾರು ಒಂದು ಕೋಟಿ ವರ್ಷ ಹಿಂದಿನ ಚೀನಾದ ಆಂಕಿಯೊರ್ನಿಸ್‌ನ ಗರಿಗಳಲ್ಲಿ ಬಣ್ಣದ ಕಣಗಳ ಗುರುತು ಉಳಿದಿತ್ತು. ಅದನ್ನು ಓದಿದ ವಿಜ್ಞಾನಿಗಳು 2010ರಲ್ಲಿ ಬಣ್ಣವನ್ನೇ ಹೇಳಿದರು: ಕಪ್ಪು ಬೂದು ಮೈ, ರೆಕ್ಕೆಯಲ್ಲಿ ಬಿಳಿ ಪಟ್ಟೆ, ತಲೆಯ ಮೇಲೆ ಕೆಂಗಂದು ಜುಟ್ಟು. ನಮ್ಮ ಊರಿನ ಮರಕುಟಿಕವನ್ನು ನೆನಪಿಸುವ ವೇಷ. ಉಳಿದ ಬಹುಪಾಲು ಡೈನೋಸಾರ್‌ಗಳ ಬಣ್ಣ ಚಿತ್ರಕಾರರ ಇಷ್ಟ, ಮಗಳೂ ತನ್ನಿಷ್ಟದ ಬಣ್ಣ ಬಳಿಯಬಹುದು.

ಕೊನೆಗೆ ನಮ್ಮ ನೆಲ. ಕರ್ನಾಟಕದ ಬಹುಭಾಗದ ಶಿಲೆ ಡೈನೋಸಾರ್‌ಗಳಿಗಿಂತ ಎಷ್ಟೋ ಹಳೆಯದು, ಲಾಲ್‌ಬಾಗ್ ಬಂಡೆಯ ವಯಸ್ಸೇ ಸುಮಾರು 300 ಕೋಟಿ ವರ್ಷ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ಕಪ್ಪುಕಲ್ಲು ಹೊಸದು, ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ. ನಡುವೆ ಮೂಳೆಯನ್ನು ಹೂತಿಟ್ಟುಕೊಳ್ಳಬಲ್ಲ ಜುರಾಸಿಕ್ ಪದರ ನಮ್ಮಲ್ಲಿಲ್ಲ. ಡೈನೋಸಾರ್‌ಗಳು ಇಲ್ಲಿ ಓಡಾಡಿರಬಹುದು, ಅವುಗಳ ದಾಖಲೆ ಮಾತ್ರ ಉಳಿದಿಲ್ಲ. ಆದರೆ ನೆರೆಯಲ್ಲಿಯೇ, ಪ್ರಾಣಹಿತಾ–ಗೋದಾವರಿ ಕಣಿವೆಯ ಕೋಟಾ ಶಿಲಾಸ್ತರದಲ್ಲಿ, ಅಮೆರಿಕದವರಿಗೂ ಅಪರೂಪವಾದ ಆರಂಭಿಕ ಸೌರೊಪಾಡ್‌ಗಳು ಸಿಕ್ಕಿವೆ. ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು 1960–61ರ ಸುಮಾರಿಗೆ ಅಲ್ಲಿ ಅಗೆದಾಗ ಕನಿಷ್ಠ ಆರು ಪ್ರಾಣಿಗಳ ಸುಮಾರು 300 ಮೂಳೆಗಳು ಸಿಕ್ಕವು. ಜೊತೆಗೆ ದೊಡ್ಡ ದೊಡ್ಡ ಮರದ ದಿಮ್ಮಿಗಳೂ ಇದ್ದವು, ಪ್ರವಾಹವೊಂದು ಮರಗಳನ್ನೂ ಹಿಂಡನ್ನೂ ಒಟ್ಟಿಗೆ ಕೊಚ್ಚಿತಂದಿರಬೇಕು. ತೊಡೆಯ ಮೂಳೆಯೊಂದೇ 1.7 ಮೀಟರ್, ಆಳೆತ್ತರ. ಬಂಗಾಳಿಯಲ್ಲಿ ಬರಾ ಎಂದರೆ ದೊಡ್ಡದು, ಪಾ ಎಂದರೆ ಕಾಲು. 1961 ರವೀಂದ್ರನಾಥ ಟ್ಯಾಗೋರರ ಜನ್ಮಶತಮಾನೋತ್ಸವದ ವರ್ಷವೂ ಆಗಿತ್ತು. 1975ರಲ್ಲಿ ಅದಕ್ಕೆ ಬರಾಪಸಾರಸ್ ಟಾಗೊರೈ ಎಂದು ನಾಮಕರಣವಾಯಿತು. ಕವಿಯ ಹೆಸರು ಹೊತ್ತ ದೊಡ್ಡ ಕಾಲಿನ ಪ್ರಾಣಿ ಆ ಸಂಸ್ಥೆಯ ಭೂವಿಜ್ಞಾನ ಸಂಗ್ರಹಾಲಯದಲ್ಲಿ ಈಗಲೂ ನಿಂತಿದೆ. ಅದೇ ಶಿಲಾಸ್ತರದ ಇನ್ನೊಂದು ಸೌರೊಪಾಡ್ ಕೋಟಾಸಾರಸ್, ಹೈದರಾಬಾದಿನ ಬಿರ್ಲಾ ವಿಜ್ಞಾನ ಸಂಗ್ರಹಾಲಯದಲ್ಲಿದೆ. ಶಿವಮೊಗ್ಗದಿಂದ ರಾತ್ರಿ ಹೊರಟರೆ ಬೆಳಗಾದ ಮೇಲೆ ನೋಡಬಹುದು. ರಾಜಸ್ಥಾನದ ಜೈಸಲ್ಮೇರ್ ಬಳಿಯ ಥಾರೊಸಾರಸ್ ಇತ್ತೀಚಿನ ಸೇರ್ಪಡೆ. 2023ರಲ್ಲಿ ಹೆಸರು ಪಡೆದ ಅದು ಸುಮಾರು 16.7 ಕೋಟಿ ವರ್ಷ ಹಿಂದಿನದು, ಡಿಪ್ಲೊಡೊಕಸ್‌ನ ದೂರದ ದಾಯಾದಿ.

ಹಲಗೆಯ ಪಕ್ಕ ಇನ್ನೊಂದು ಸಣ್ಣ ಹಲಗೆಯಿಟ್ಟು ಅದರ ಮೇಲೆ ಜೇಡಿಮಣ್ಣಿನ ಬರಾಪಸಾರಸ್ ಒಂದನ್ನು ನಿಲ್ಲಿಸಲು ಮಗಳಿಗೆ ಹೇಳಿ. ದಪ್ಪ ಕಾಲು, ಉದ್ದ ಕತ್ತು, ಉದ್ದ ಬಾಲ. ತಲೆ ಹೇಗಿರಬೇಕೆಂದು ಅವಳು ಕೇಳುತ್ತಾಳೆ. ಸೌರೊಪಾಡ್‌ಗಳ ಪುಟ್ಟ ತಲೆ ಸತ್ತ ಮೇಲೆ ಮೊದಲು ಕಳಚಿ ಹೋಗುವ ಭಾಗ. ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಸಂಗ್ರಹಾಲಯದವರು ತಮ್ಮ ಅಪಾಟೊಸಾರಸ್‌ಗೆ ಇನ್ನೊಂದರ ತಲೆ ಹಚ್ಚಿ ದಶಕಗಳ ಕಾಲ ಪ್ರದರ್ಶಿಸಿ, 1979ರಲ್ಲಿ ಬದಲಾಯಿಸಿದರು. ಬರಾಪಸಾರಸ್‌ನ ತಲೆಬುರುಡೆ ಸಿಕ್ಕೇ ಇಲ್ಲ, ಸಿಕ್ಕಿರುವುದು ಕೆಲವು ಹಲ್ಲು ಮಾತ್ರ. ಕೋಲ್ಕತ್ತದಲ್ಲಿ ಇಟ್ಟಿರುವ ತಲೆಯೂ ಊಹೆಯದೇ. ನಿಮ್ಮ ಮಗಳು ತನಗೆ ಸರಿತೋರಿದ ತಲೆ ಮಾಡಿ, ಕೆಳಗೆ ‘ಇದು ನನ್ನ ಊಹೆ’ ಎಂದು ಚೀಟಿ ಅಂಟಿಸಲಿ.